ಹಸಿವು ಮತ್ತು ಬೆಳವಣಿಗೆ: ಜಠರದಿಂದ ಹೊರಡುವ ದೂತನ ವೃತ್ತಾಂತ

ಹಸಿವು ಪ್ರಾಣಿಮಾತ್ರಕ್ಕೆ ಸಹಜವಾದ ಧರ್ಮ. ಬೆಳವಣಿಗೆ ಬಾಲ್ಯಕ್ಕೆ ಸಹಜವಾದ ಧರ್ಮ. ಉಂಡ ಮಗು ಬೆಳೆಯುತ್ತದೆ, ಅರೆಹೊಟ್ಟೆಯ ಮಗು ಸೊರಗುತ್ತದೆ ಎಂಬುದನ್ನು ತಿಳಿಯಲು ಶಾಸ್ತ್ರಗ್ರಂಥಗಳ ಅವಶ್ಯಕತೆಯಿಲ್ಲ; ಅದು ಅಕ್ಷರವರಿಯದ ತಾಯಂದಿರಿಗೂ ತಿಳಿದ ಸಂಗತಿ. ಆದರೆ ಹೊಟ್ಟೆಗೂ ಎತ್ತರಕ್ಕೂ ಇರುವ ನಂಟು ಇಟ್ಟಿಗೆಗೂ ಗೋಡೆಗೂ ಇರುವ ನಂಟಿನಷ್ಟು ಸರಳವಾದುದಲ್ಲ. ಹಸಿವನ್ನು ಮಿದುಳಿಗೆ ಅರುಹುವ ದೂತನೊಬ್ಬನು ಜಠರದಲ್ಲಿಯೇ ಹುಟ್ಟುತ್ತಾನೆಂದೂ, ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ಅಪ್ಪಣೆಯನ್ನೂ ಅವನೇ ಒಯ್ಯುತ್ತಾನೆಂದೂ ವಿಜ್ಞಾನಿಗಳು 1999ರಲ್ಲಿ ಕಂಡುಕೊಂಡರು. ಈ ಮಾತನ್ನು ಕೇಳಿದೊಡನೆ ಒಂದು ಸಂದೇಹ ಏಳುವುದು ಸಹಜ. ಹಸಿವಿನ ದೂತನೇ ಬೆಳವಣಿಗೆಯ ಪ್ರೇರಕನಾಗಿದ್ದರೆ, ಹಸಿದ ಮಗು ಹೆಚ್ಚು ಬೆಳೆಯಬೇಕಾಗಿತ್ತಲ್ಲವೆ? ಅದು ಬೆಳೆಯದೆ ಕುಗ್ಗುವುದೇಕೆ? ಈ ಪ್ರಶ್ನೆಗೆ ದೊರೆತಿರುವ ಉತ್ತರವು ಶಾಲೆಗಳನ್ನು ನಡೆಸುವವರಿಗೂ, ಪಾಠ ಹೇಳುವವರಿಗೂ, ಅನ್ನದಾನ ಮಾಡುವವರಿಗೂ ಅವಶ್ಯವಾಗಿ ತಿಳಿದಿರತಕ್ಕದ್ದು.

ಹಸಿವೆಂಬ ಮಾತು, ಹಾರ್ಮೋನೆಂಬ ಮಾತು

‘ಹಸಿವು’ ಅಚ್ಚಗನ್ನಡದ ಮಾತು. ಹಳಗನ್ನಡದ ‘ಪಸಿ’ ಎಂಬ ಧಾತುವಿನಿಂದಾದ ‘ಪಸಿವು’, ಪಕಾರಕ್ಕೆ ಹಕಾರ ಬಂದು ‘ಹಸಿವು’ ಆಯಿತು. ತಮಿಳಿನಲ್ಲಿ ಇಂದಿಗೂ ‘ಪಸಿ’ ಎಂದೇ ವ್ಯವಹಾರ. ನಮ್ಮ ಪೂರ್ವಿಕರ ವೈದ್ಯಶಾಸ್ತ್ರವು ಹಸಿವನ್ನು ಜಠರಾಗ್ನಿಯ ವ್ಯಾಪಾರವೆಂದು ವರ್ಣಿಸಿತು. ಆಧುನಿಕ ಶರೀರಶಾಸ್ತ್ರವು ಮೊದಲಿಗೆ ಅದನ್ನು ಜಠರದ ಸ್ನಾಯುಗಳ ಚಲನೆಯೆಂದು ತಿಳಿಯಿತು. 1912ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿದ್ವಾಂಸನ ಶಿಷ್ಯ ವಾಷ್‌ಬರ್ನ್ ಎಂಬಾತನು ರಬ್ಬರಿನ ಸಣ್ಣ ಬುಗ್ಗೆಯೊಂದನ್ನು ನುಂಗಿ, ಹೊಟ್ಟೆ ಚುರುಗುಟ್ಟಿದಾಗಲೆಲ್ಲ ಜಠರ ಸಂಕುಚಿತವಾಗುವುದನ್ನು ಯಂತ್ರದಿಂದ ದಾಖಲೆ ಮಾಡಿದನು. ಆದರೆ ಕಾರಣಾಂತರದಿಂದ ಜಠರವನ್ನೇ ತೆಗೆದುಹಾಕಿಸಿಕೊಂಡ ರೋಗಿಗಳಿಗೂ ಹಸಿವಾಗುತ್ತಿದ್ದುದರಿಂದ, ಹಸಿವೆಂಬುದು ಬರಿಯ ಸ್ನಾಯುಗಳ ಹಿಂಡುವಿಕೆಯಲ್ಲವೆಂದು ಬೇಗನೆ ಸ್ಪಷ್ಟವಾಯಿತು.

ಇದಕ್ಕೂ ಹತ್ತು ವರ್ಷ ಮುಂಚೆಯೇ ಲಂಡನ್ನಿನಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಜೀರ್ಣಾಂಗಗಳೆಲ್ಲ ನರಗಳ ಆಜ್ಞೆಯಿಂದಲೇ ನಡೆಯುತ್ತವೆಂಬುದು ರಷ್ಯಾದ ಪಾವ್ಲೋವ್ ಮಹಾಶಯನ ಮತ. ಆ ಮತಕ್ಕೆ ಆಗ ಲೋಕಮನ್ನಣೆಯಿತ್ತು. 1902ರ ಜನವರಿ 16ರಂದು ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ನಾಯಿಯೊಂದರ ಸಣ್ಣ ಕರುಳಿನ ತುಂಡಿನಿಂದ ನರಗಳನ್ನೆಲ್ಲ ಬಿಡಿಸಿ, ಅದರೊಳಗೆ ಆಮ್ಲವನ್ನು ಹಾಕಿದರು. ನರಸಂಬಂಧವಿಲ್ಲದಿದ್ದರೂ ಮೇದೋಜೀರಕ ಗ್ರಂಥಿಯು ರಸವನ್ನು ಸುರಿಸಿತು. ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದಲ್ಲಿ ಅರೆದು, ಸೋಸಿ, ರಕ್ತನಾಳಕ್ಕೆ ಚುಚ್ಚಿದಾಗಲೂ ಹಾಗೆಯೇ ಆಯಿತು. ಕರುಳಿನಲ್ಲಿ ಹುಟ್ಟಿದ ಯಾವುದೋ ದ್ರವ್ಯವು ರಕ್ತದಲ್ಲಿ ಪಯಣಿಸಿ ದೂರದ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆಂದು ಇದರಿಂದ ಸಿದ್ಧವಾಯಿತು. ಅದಕ್ಕೆ ‘ಸೆಕ್ರಿಟಿನ್’ ಎಂದು ಹೆಸರಾಯಿತು. 1905ರಲ್ಲಿ ಸ್ಟಾರ್ಲಿಂಗನು ಇಂತಹ ಎಲ್ಲ ದ್ರವ್ಯಗಳಿಗೂ ‘ಹಾರ್ಮೋನ್’ ಎಂಬ ಸಾಮಾನ್ಯನಾಮವನ್ನು ಬಳಕೆಗೆ ತಂದನು. ‘ಎಬ್ಬಿಸುವುದು, ಹೊರಡಿಸುವುದು’ ಎಂಬರ್ಥದ ಗ್ರೀಕ್ ಧಾತು ಅದರ ಮೂಲ. ‘ಪ್ರಚೋದನೆ’ ಎಂಬ ಮಾತಿನಲ್ಲಿ ಅಡಗಿರುವ ‘ಚುದ್’ ಧಾತುವಿಗೂ ಅದಕ್ಕೂ ಅರ್ಥಸಾಮ್ಯವುಂಟು. ಹೀಗೆ ಹಾರ್ಮೋನೆಂಬ ಕಲ್ಪನೆಯೇ ಕರುಳಿನಲ್ಲಿ ಹುಟ್ಟಿತೆಂಬುದು ಇಲ್ಲಿ ಸ್ಮರಣೀಯ.

ಬೆಳವಣಿಗೆಯ ಕೆರೆ ಮತ್ತು ಅದರ ತೂಬು

ಮಿದುಳಿನ ತಳಭಾಗದಲ್ಲಿ ಬಟಾಣಿಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯು ಜೋತುಬಿದ್ದಿದೆ. ಬೆಳವಣಿಗೆಯ ಹಾರ್ಮೋನು ಸಂಗ್ರಹವಾಗಿರುವುದು ಅದರ ಮುಂಭಾಗದಲ್ಲಿ. 191 ಅಮೈನೋ ಆಮ್ಲಗಳನ್ನು ಹಾರದಂತೆ ಪೋಣಿಸಿದ ಪ್ರೋಟೀನು ಇದು. ಇದು ದಿನವಿಡೀ ಸಮನಾಗಿ ಜಿನುಗುವುದಿಲ್ಲ, ಅಲೆಅಲೆಯಾಗಿ ಹೊರಡುತ್ತದೆ. ಅವುಗಳಲ್ಲಿ ಅತ್ಯಂತ ದೊಡ್ಡ ಅಲೆ ಏಳುವುದು ರಾತ್ರಿಯ ಮೊದಲ ಗಾಢನಿದ್ರೆಯಲ್ಲಿ.

ಈ ವ್ಯವಸ್ಥೆಯನ್ನು ತಿಳಿಯಲು ಹಾಸನ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಅರಸಿಯ ಕೆರೆಯೇ ಅರಸೀಕೆರೆ. ಹೊಯ್ಸಳರ ರಾಜಧಾನಿಯಾದ ಹಳೇಬೀಡು ತನ್ನ ದ್ವಾರಸಮುದ್ರವೆಂಬ ಹಳೆಯ ಹೆಸರಿನಲ್ಲಿಯೇ ಸಮುದ್ರದಂತಹ ಕೆರೆಯನ್ನು ಧರಿಸಿತ್ತು. ಕೆರೆಯಲ್ಲಿ ನೀರು ತುಂಬಿದ್ದರೆ ಸಾಲದು. ತೂಬನ್ನು ಎತ್ತುವವನೂ ಇಳಿಸುವವನೂ ಬೇಕು. ಊರಿನ ನೀರುಗಂಟಿಯು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ಬಲ್ಲವನು. ಪಿಟ್ಯುಟರಿಯೆಂಬ ಕೆರೆಗೆ ಇಂತಹ ನೀರುಗಂಟಿಯ ಸ್ಥಾನದಲ್ಲಿರುವುದು ಅದರ ಮೇಲ್ಗಡೆ ಇರುವ ಹೈಪೊಥಲಮಸ್ ಎಂಬ ಮಿದುಳಿನ ಭಾಗ. ತೂಬನ್ನು ಇಳಿಸುವ ಹಾರ್ಮೋನು 1973ರಲ್ಲಿ ಪತ್ತೆಯಾಯಿತು. ಅದರ ಹೆಸರು ಸೊಮ್ಯಾಟೊಸ್ಟ್ಯಾಟಿನ್. ಇದು ಮುಂದೆ ಜಠರದಲ್ಲಿಯೂ ಮೇದೋಜೀರಕ ಗ್ರಂಥಿಯಲ್ಲಿಯೂ ಕಾಣಿಸಿಕೊಂಡು, ಮಿದುಳಿಗೂ ಹೊಟ್ಟೆಗೂ ಒಂದೇ ಭಾಷೆಯುಂಟೆಂಬುದಕ್ಕೆ ಸಾಕ್ಷಿಯಾಯಿತು. ತೂಬನ್ನು ಎತ್ತುವ ಹಾರ್ಮೋನು ದೊರೆತದ್ದು 1982ರಲ್ಲಿ.

ಎತ್ತುವವನೊಬ್ಬ, ಇಳಿಸುವವನೊಬ್ಬ, ಲೆಕ್ಕ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಆದರೆ ಅಮೆರಿಕದ ಸಿರಿಲ್ ಬೋವರ್ಸ್ ಎಂಬ ವೈದ್ಯವಿಜ್ಞಾನಿಯು 1970ರ ದಶಕದ ಉತ್ತರಾರ್ಧದಲ್ಲಿಯೇ ಪ್ರಯೋಗಶಾಲೆಯಲ್ಲಿ ತಯಾರಿಸಿದ ಕೆಲವು ಕೃತಕ ಪೆಪ್ಟೈಡುಗಳು ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವುದನ್ನು ಕಂಡಿದ್ದನು. ಅವು ಕೆಲಸಮಾಡುವ ದಾರಿ ಬೇರೆಯಾಗಿತ್ತು. ಅಂದರೆ ತೂಬಿಗೆ ಮೂರನೆಯ ಕೈಯೊಂದು ಇರಲೇಬೇಕು. 1996ರಲ್ಲಿ ಆ ಪೆಪ್ಟೈಡುಗಳು ಹೋಗಿ ಕೂಡುವ ಗ್ರಾಹಕವು ಪಿಟ್ಯುಟರಿಯಲ್ಲಿಯೂ ಹೈಪೊಥಲಮಸ್ಸಿನಲ್ಲಿಯೂ ದೊರೆಯಿತು. ಬೀಗ ಸಿಕ್ಕಿತು, ಶರೀರವು ತಾನೇ ಮಾಡಿಕೊಂಡ ಬೀಗದ ಕೈ ಮಾತ್ರ ಸಿಕ್ಕಿರಲಿಲ್ಲ.

ಗ್ರೆಲಿನ್ ದೊರೆತ ಬಗೆ

ಬೀಗವು ಮಿದುಳಿನಲ್ಲಿ ಇರುವುದರಿಂದ ಬೀಗದ ಕೈಯೂ ಮಿದುಳಿನಲ್ಲಿಯೇ ಇರಬೇಕೆಂದು ಅನೇಕರು ಅಲ್ಲಿಯೇ ಶೋಧಿಸಿದರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ಅವರ ಪ್ರಯತ್ನ. ಜಪಾನಿನ ಮಸಯಾಸು ಕೊಜಿಮ ಮತ್ತು ಕೆಂಜಿ ಕಂಗಾವ ಎಂಬ ವಿಜ್ಞಾನಿಗಳು ಸಹೋದ್ಯೋಗಿಗಳೊಡನೆ ಬೇರೆ ಬೇರೆ ಅಂಗಗಳ ಸಾರವನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದಾಗ, ಇಲಿಯ ಜಠರದ ಸಾರಕ್ಕೆ ಬೀಗವು ತೆರೆಯಿತು. 1999ರ ಡಿಸೆಂಬರಿನಲ್ಲಿ ಈ ಶೋಧವು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಬೆಳೆ’ ಎಂಬರ್ಥದ ‘ಘ್ರೆ’ ಎಂಬ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವನ್ನು ಆಯ್ದು, ಈ ದ್ರವ್ಯಕ್ಕೆ ‘ಗ್ರೆಲಿನ್’ ಎಂದು ನಾಮಕರಣ ಮಾಡಿದರು. ಹೆಸರಿನಲ್ಲಿ ಬೆಳವಣಿಗೆ ಮಾತ್ರವೇ ಇದೆ, ಹಸಿವಿಲ್ಲ. ಏಕೆಂದರೆ ಹೆಸರಿಡುವಾಗ ಅದರ ಎರಡನೆಯ ಕಾರ್ಯವು ಇನ್ನೂ ತಿಳಿದಿರಲಿಲ್ಲ.

ಅದು ತಿಳಿಯಲು ಬಹುಕಾಲ ಹಿಡಿಯಲಿಲ್ಲ. ಮರುವರ್ಷವೇ, 2000ದಲ್ಲಿ, ಗ್ರೆಲಿನ್ ಚುಚ್ಚಿದ ಇಲಿಗಳು ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಂಡುದು ವರದಿಯಾಯಿತು. 2001ರಲ್ಲಿ ಲಂಡನ್ನಿನ ಸಂಶೋಧಕರು ಆರೋಗ್ಯವಂತರಾದ ಸ್ವಯಂಸೇವಕರ ರಕ್ತನಾಳಕ್ಕೆ ಗ್ರೆಲಿನ್ ಹರಿಸಿ, ಬೇಕಾದಷ್ಟು ಉಣ್ಣಬಹುದೆಂದು ಊಟವನ್ನು ಮುಂದಿಟ್ಟಾಗ, ಅವರು ಎಂದಿಗಿಂತ ನೂರಕ್ಕೆ 28ರಷ್ಟು ಹೆಚ್ಚಾಗಿ ಉಂಡರು. ಅದೇ ವರ್ಷ ಅಮೆರಿಕದ ಡೇವಿಡ್ ಕಮಿಂಗ್ಸ್ ಮತ್ತು ಸಂಗಡಿಗರು, ಮನುಷ್ಯರ ರಕ್ತದಲ್ಲಿ ಗ್ರೆಲಿನ್ ಪ್ರಮಾಣವು ಪ್ರತಿ ಊಟಕ್ಕೆ ಮುಂಚೆ ಸುಮಾರು ಎರಡು ಪಟ್ಟು ಏರಿ, ಊಟವಾದ ಒಂದು ಗಂಟೆಯೊಳಗೆ ಇಳಿಯುವುದನ್ನು ತೋರಿಸಿದರು. ಪ್ರತಿದಿನ ಒಂದೇ ಹೊತ್ತಿಗೆ ಉಣ್ಣುವವರಲ್ಲಿ ಆ ಹೊತ್ತು ಸಮೀಪಿಸುವ ಮೊದಲೇ ಗ್ರೆಲಿನ್ ಏರತೊಡಗುತ್ತದೆ. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಮಕ್ಕಳ ಕಿವಿ ಅತ್ತ ತಿರುಗುವುದಕ್ಕೆ ಚಾಪಲ್ಯವೊಂದೇ ಕಾರಣವಲ್ಲ. ಅವರ ಜಠರವೂ ಗಡಿಯಾರವನ್ನು ನೋಡಿರುತ್ತದೆ.

ಹೊಟ್ಟೆಗಿಲ್ಲದವನು ತಣ್ಣೀರು ಬಟ್ಟೆ ಹಾಕಿಕೊಂಡನೆಂಬ ಮಾತು ಜನರಲ್ಲಿ ರೂಢವಾಗಿದೆ. ತಣ್ಣೀರು ಹಸಿವನ್ನು ನಿಜವಾಗಿ ತಣಿಸುವುದೇ ಎಂಬ ಪ್ರಶ್ನೆಗೂ ಉತ್ತರ ದೊರೆತಿದೆ. ಇಲಿಗಳ ಜಠರವನ್ನು ಬರಿಯ ನೀರಿನಿಂದ ಹಿಗ್ಗಿಸಿದಾಗ ಗ್ರೆಲಿನ್ ಇಳಿಯಲಿಲ್ಲ. ಸಕ್ಕರೆಯ ದ್ರಾವಣದಿಂದ ತುಂಬಿದಾಗ ಇಳಿಯಿತು. ನೀರಿನಿಂದ ಹಿಗ್ಗಿದ ಜಠರವು ನರಗಳ ಮೂಲಕ ಕ್ಷಣಕಾಲ ‘ತುಂಬಿದೆ’ ಎನ್ನಬಹುದು. ಆದರೆ ದೂತನು ಮೋಸಹೋಗುವುದಿಲ್ಲ. ಅವನು ಕೇಳುವುದು ಅನ್ನವನ್ನೇ.

ತೆಂಗಿನೆಣ್ಣೆಯಲ್ಲಿರುವ ಒಂದು ಆಮ್ಲ

ಗ್ರೆಲಿನ್ನಿನ ರಚನೆಯಲ್ಲಿ ಒಂದು ಅಪೂರ್ವತೆಯಿದೆ. 28 ಅಮೈನೋ ಆಮ್ಲಗಳ ಈ ಸರದಲ್ಲಿ ಮೂರನೆಯ ಮಣಿಯಾದ ಸೆರೀನ್ ಎಂಬುದಕ್ಕೆ ಎಂಟು ಇಂಗಾಲದ ಅಣುಗಳುಳ್ಳ ಕೊಬ್ಬಿನ ಆಮ್ಲವೊಂದು ಪದಕದಂತೆ ಅಂಟಿಕೊಂಡಿದೆ. ಆ ಪದಕವಿಲ್ಲದ ಗ್ರೆಲಿನ್ ಈ ಬೀಗವನ್ನು ತೆರೆಯಲಾರದು. ಆಮ್ಲದ ಹೆಸರು ಆಕ್ಟನೋಯಿಕ್ ಆಮ್ಲ. ಕ್ಯಾಪ್ರಿಲಿಕ್ ಆಮ್ಲವೆಂಬುದು ಹಳೆಯ ಹೆಸರು. ಮೇಕೆಗೆ ಲ್ಯಾಟಿನ್ ಭಾಷೆಯಲ್ಲಿ ‘ಕಾಪ್ರ’ ಎನ್ನುವುದರಿಂದಲೂ, ಮೇಕೆಯ ಹಾಲಿನ ಕೊಬ್ಬಿನಲ್ಲಿ ಇದು ಇರುವುದರಿಂದಲೂ ಆ ಹೆಸರು ಬಂದಿತು. ಪದಕವನ್ನು ತೊಡಿಸುವ ಕಿಣ್ವವು 2008ರಲ್ಲಿ ಪತ್ತೆಯಾದಾಗ, ಅದರ ಉದ್ದವಾದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ‘ಗೋಟ್’, ಎಂದರೆ ಆಡು, ಎಂದೇ ಆದುದು ಭಾಷಾಪ್ರಿಯರಿಗೆ ವಿನೋದಕರವಾದ ಸಂಗತಿ.

ಮೇಕೆಯ ಹಾಲಿಗಿಂತಲೂ ಈ ಸೀಮೆಗೆ ಹತ್ತಿರವಾದ ಮೂಲವೊಂದುಂಟು. ಅರಸೀಕೆರೆಯಿಂದ ತಿಪಟೂರಿನವರೆಗೆ ರೈಲಿನ ಎರಡು ಮಗ್ಗುಲಲ್ಲಿಯೂ ಕಾಣುವ ತೆಂಗಿನ ತೋಟಗಳಲ್ಲಿ ಬೆಳೆದ ಕೊಬ್ಬರಿಯ ಎಣ್ಣೆಯಲ್ಲಿ ಈ ಎಂಟು ಇಂಗಾಲದ ಆಮ್ಲವು ನೂರಕ್ಕೆ ಸುಮಾರು 6ರಿಂದ 8ರಷ್ಟು ಇದೆ. ಇಂತಹ ಮಧ್ಯಮ ಉದ್ದದ ಕೊಬ್ಬಿನ ಆಮ್ಲಗಳನ್ನು ತಿನ್ನಿಸಿದ ಇಲಿಗಳಲ್ಲಿ, ಆಹಾರದಿಂದ ಬಂದ ಆಮ್ಲವೇ ನೇರವಾಗಿ ಗ್ರೆಲಿನ್ನಿನ ಪದಕವಾಗುವುದನ್ನು ಜಪಾನಿನ ಸಂಶೋಧಕರು 2005ರಲ್ಲಿ ತೋರಿಸಿದರು. ಹಾಗೆಂದ ಮಾತ್ರಕ್ಕೆ ಕೊಬ್ಬರಿ ತಿಂದ ಮಗು ತೆಂಗಿನ ಮರದಂತೆ ಬೆಳೆಯುತ್ತದೆಂದು ಯಾರೂ ಹೇಳಿಲ್ಲ, ಹೇಳಲೂ ಬಾರದು. ಶರೀರವು ಈ ಆಮ್ಲವನ್ನು ಬೇರೆ ಕೊಬ್ಬುಗಳಿಂದ ತಾನೇ ಸಿದ್ಧಪಡಿಸಿಕೊಳ್ಳಬಲ್ಲದು. ತಟ್ಟೆಯಲ್ಲಿ ಬಿದ್ದ ಪದಾರ್ಥವು ಇಂಧನವಾಗುವುದರ ಜೊತೆಗೆ ಸುದ್ದಿಯ ಒಂದು ಅಕ್ಷರವೂ ಆಗಬಲ್ಲದೆಂಬುದಷ್ಟೇ ಇದರ ತಾತ್ಪರ್ಯ.

ಸಾಕೆನ್ನುವ ದೂತರು

‘ಬೇಕು’ ಎನ್ನುವವನು ಪ್ರಮುಖನಾಗಿ ಗ್ರೆಲಿನ್ ಒಬ್ಬನೇ. ‘ಸಾಕು’ ಎನ್ನುವವರು ಅನೇಕರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯಲ್ಲಿ ಆನೆಗಳ ಸಾಲಿನ ಮೇಲೆ ಸಿಂಹಗಳ ಸಾಲು, ಅದರ ಮೇಲೆ ಬಳ್ಳಿಯ ಸಾಲು, ಕುದುರೆಗಳ ಸಾಲು ಎಂದು ಪಟ್ಟಿಕೆಗಳು ಕ್ರಮವಾಗಿ ಜೋಡಿಸಿಕೊಂಡಿರುವಂತೆ, ಅನ್ನಮಾರ್ಗದಲ್ಲಿಯೂ ದೂತರು ತಮ್ಮ ತಮ್ಮ ಸ್ಥಾನದಲ್ಲಿ ಕ್ರಮವಾಗಿ ನಿಂತಿದ್ದಾರೆ. ಸಣ್ಣ ಕರುಳಿನ ಮೊದಲ ಭಾಗಕ್ಕೆ ಕೊಬ್ಬು ಮತ್ತು ಪ್ರೋಟೀನು ಮುಟ್ಟಿದೊಡನೆ ಕೋಲಿಸಿಸ್ಟೊಕೈನಿನ್ ಎಂಬುದು ಹೊರಡುತ್ತದೆ. ಅದು ಪಿತ್ತಕೋಶವನ್ನು ಹಿಂಡುತ್ತದೆ. ಉಣ್ಣುವವನಿಗೆ ತೃಪ್ತಿಯ ಸೂಚನೆಯನ್ನೂ ಕೊಡುತ್ತದೆ. ಈ ಎರಡನೆಯ ಗುಣವು 1973ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಕರುಳಿನ ಕೆಳಭಾಗದಿಂದ ಬರುವ ‘ಪಿ.ವೈ.ವೈ.’ ಎಂಬುದು ಮನುಷ್ಯರ ಊಟವನ್ನು ಮಿತಗೊಳಿಸುವುದೆಂದು 2002ರಲ್ಲಿ ಪ್ರಕಟವಾಯಿತು. ಅಲ್ಲಿಂದಲೇ ಬರುವ ‘ಜಿ.ಎಲ್.ಪಿ.-1’ ಜಠರವು ಬೇಗನೆ ಬರಿದಾಗದಂತೆ ತಡೆದು, ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ನನ್ನು ಹೊರಡಿಸುತ್ತದೆ. ಇವಲ್ಲದೆ ಮೈಯ ಕೊಬ್ಬಿನಿಂದಲೇ ಹುಟ್ಟಿ ‘ಉಗ್ರಾಣದಲ್ಲಿ ದಾಸ್ತಾನು ಇದೆ’ ಎಂದು ಮಿದುಳಿಗೆ ಅರುಹುವ ಲೆಪ್ಟಿನ್ 1994ರಲ್ಲಿ ದೊರೆಯಿತು. ಯಕೃತ್ತಿನಿಂದಲೂ ಸಣ್ಣ ಕರುಳಿನಿಂದಲೂ ಬಂದು ಗ್ರೆಲಿನ್ನಿನ ಬೀಗಕ್ಕೇ ಅಡ್ಡ ಕೂರುವ ‘ಲೀಪ್-2’ ಎಂಬ ಪ್ರತಿದ್ವಂದ್ವಿಯೂ 2018ರಲ್ಲಿ ಬೆಳಕಿಗೆ ಬಂದಿತು.

ಈ ದೂತರು ಹೊರಟು ಮಿದುಳನ್ನು ಮುಟ್ಟಲು ಹಲವು ನಿಮಿಷಗಳು ಬೇಕು. ಅವಸರವಾಗಿ ಉಣ್ಣುವವನು ‘ಸಾಕು’ ಎಂಬ ಸುದ್ದಿ ಬರುವ ಮೊದಲೇ ಮಿತಿಮೀರಿರುತ್ತಾನೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯಲ್ಲಿನ ‘ಬಲ್ಲ’ ಎಂಬ ಪದಕ್ಕೆ, ಸುದ್ದಿ ಬರುವವರೆಗೆ ತಾಳುವುದು ಎಂಬ ಅರ್ಥವನ್ನೂ ಸೇರಿಸಿಕೊಳ್ಳಬಹುದು. ಜಿ.ಎಲ್.ಪಿ.-1ನ್ನು ಹೋಲುವ ಔಷಧಗಳು ಈಗ ಲೋಕಪ್ರಸಿದ್ಧವಾಗಿವೆ. ಅವುಗಳಲ್ಲಿ ಮೊದಲನೆಯದು ಅಮೆರಿಕದ ಮರುಭೂಮಿಯ ವಿಷದ ಹಲ್ಲಿಯೊಂದರ ಜೊಲ್ಲಿನಲ್ಲಿ ಕಂಡ ಪೆಪ್ಟೈಡಿನಿಂದ ರೂಪುಗೊಂಡು 2005ರಲ್ಲಿ ಮಧುಮೇಹಕ್ಕೆ ಮಾನ್ಯವಾಯಿತು. ಸೆಮಗ್ಲುಟೈಡ್ ಎಂಬುದು ಸ್ಥೂಲಕಾಯದ ಚಿಕಿತ್ಸೆಗೆ 2021ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು. ಉಪವಾಸದಿಂದ ತೂಕವಿಳಿಸಿಕೊಂಡವರಲ್ಲಿ ಗ್ರೆಲಿನ್ ಮೊದಲಿಗಿಂತ ಏರುವುದೆಂದು 2002ರಲ್ಲಿಯೇ ಗೊತ್ತಾಗಿತ್ತು. ಇಳಿದ ತೂಕವು ಮರಳಿ ಬರುವುದಕ್ಕೆ ಮನೋದಾರ್ಢ್ಯದ ಕೊರತೆಯನ್ನು ಮಾತ್ರವೇ ನಿಂದಿಸುವುದು ಆದ್ದರಿಂದ ನ್ಯಾಯವಲ್ಲ.

ಹಸಿದ ಮಗು ಏಕೆ ಬೆಳೆಯದು?

ಇನ್ನು ಆರಂಭದ ಪ್ರಶ್ನೆಗೆ ಬರಬಹುದು. ಬೆಳವಣಿಗೆಯ ಹಾರ್ಮೋನಿಗೆ ಇರುವ ಕೆಲಸ ಒಂದಲ್ಲ, ಎರಡು. ಅನ್ನ ಸಮೃದ್ಧವಾಗಿರುವಾಗ ಅದು ಯಕೃತ್ತಿಗೆ ಹೋಗಿ, ‘ಐ.ಜಿ.ಎಫ್.-1’ ಎಂಬ ಇನ್ನೊಂದು ದ್ರವ್ಯವನ್ನು ಮಾಡಿಸುತ್ತದೆ. ಆ ದ್ರವ್ಯವೂ ಬೆಳವಣಿಗೆಯ ಹಾರ್ಮೋನೂ ಕೂಡಿ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಯ ಪದರವನ್ನು ಬೆಳೆಸುವುದರಿಂದ ಮಗು ಎತ್ತರವಾಗುತ್ತದೆ. ಅನ್ನವಿಲ್ಲದಾಗ ಅದರ ಕೆಲಸ ಬೇರೆ. ಆಗ ಅದು ಮೈಯ ಕೊಬ್ಬನ್ನು ಕರಗಿಸಿ ಇಂಧನವಾಗಿ ಒದಗಿಸುತ್ತದೆ. ರಕ್ತದ ಸಕ್ಕರೆಯು ಪ್ರಾಣಾಪಾಯದ ಮಟ್ಟಕ್ಕೆ ಕುಸಿಯದಂತೆ ಕಾಯುತ್ತದೆ. ಮಿದುಳಿಗೆ ಸಕ್ಕರೆ ಎಡೆಬಿಡದೆ ಬೇಕು. ಬೆಳವಣಿಗೆಯು ಕಾಯಬಲ್ಲದು, ಮಿದುಳು ಕಾಯಲಾರದು.

ಇದಕ್ಕೆ ಸ್ಪಷ್ಟವಾದ ಪ್ರಮಾಣವು 2010ರಲ್ಲಿ ದೊರೆಯಿತು. ನೊಬೆಲ್ ಪಾರಿತೋಷಕ ವಿಜೇತರಾದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರ ಪ್ರಯೋಗಶಾಲೆಯಲ್ಲಿ, ಗ್ರೆಲಿನ್ನಿಗೆ ಪದಕ ತೊಡಿಸುವ ಕಿಣ್ವವಿಲ್ಲದ ಇಲಿಗಳಿಗೆ ಎಂದಿನ ಆಹಾರದ ನೂರಕ್ಕೆ 40ರಷ್ಟನ್ನು ಮಾತ್ರ ಕೊಡಲಾಯಿತು. ಸಾಮಾನ್ಯ ಇಲಿಗಳು ಸೊರಗಿದರೂ ರಕ್ತದ ಸಕ್ಕರೆಯನ್ನು ಕಾಪಾಡಿಕೊಂಡವು. ಕಿಣ್ವವಿಲ್ಲದವುಗಳಲ್ಲಿ ಬೆಳವಣಿಗೆಯ ಹಾರ್ಮೋನು ಸಾಕಷ್ಟು ಏರಲಿಲ್ಲ. ಕೊಬ್ಬು ಕರಗಿ ಮುಗಿದ ಮೇಲೆ, ಒಂದು ವಾರದಲ್ಲಿ, ಸಕ್ಕರೆಯು ಕುಸಿದು ಅವು ಸಾವಿನಂಚಿಗೆ ಬಂದವು. ಗ್ರೆಲಿನ್ನನ್ನಾಗಲಿ ಬೆಳವಣಿಗೆಯ ಹಾರ್ಮೋನನ್ನಾಗಲಿ ಕೊಟ್ಟಾಗ ಬದುಕಿಕೊಂಡವು. ಹಸಿವಿನ ದೂತನಿಗೂ ಬೆಳವಣಿಗೆಯ ಹಾರ್ಮೋನಿಗೂ ನಂಟು ಏಕೆ ಎಂಬುದಕ್ಕೆ ಈ ಪ್ರಯೋಗವೇ ವ್ಯಾಖ್ಯಾನ. ಕ್ಷಾಮಕಾಲದಲ್ಲಿ ಪ್ರಾಣವನ್ನು ಉಳಿಸುವುದು ಆ ನಂಟಿನ ಪ್ರಯೋಜನ, ಎತ್ತರವನ್ನು ಕೊಡುವುದಲ್ಲ.

ಬಹುದಿನ ಅರೆಹೊಟ್ಟೆಯಲ್ಲಿರುವ ಮಕ್ಕಳ ರಕ್ತವನ್ನು ಪರೀಕ್ಷಿಸಿದ ವೈದ್ಯರು ಈ ವಿಪರ್ಯಾಸವನ್ನು ಬಹು ಹಿಂದೆಯೇ ಕಂಡಿದ್ದರು. ಅಂತಹ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆಯಿರದೆ ಹೆಚ್ಚಾಗಿಯೇ ಇರುತ್ತದೆ, ಐ.ಜಿ.ಎಫ್.-1 ಮಾತ್ರ ತೀರ ಕಡಿಮೆ. ಅನ್ನವೂ ಪ್ರೋಟೀನೂ ಸಾಲದಾದಾಗ ಇನ್ಸುಲಿನ್ ತಗ್ಗುತ್ತದೆ, ಯಕೃತ್ತು ಬೆಳವಣಿಗೆಯ ಹಾರ್ಮೋನಿನ ಮಾತಿಗೆ ಕಿವಿಗೊಡುವುದಿಲ್ಲ. ಕೆರೆಯ ತೂಬು ಪೂರ್ತಿ ತೆರೆದಿದೆ, ಕಾಲುವೆಯಲ್ಲಿ ನೀರು ಭೋರ್ಗರೆಯುತ್ತಿದೆ; ಆದರೆ ಗದ್ದೆಯ ಬಾಯಿಯಲ್ಲಿರುವ ಮಡೆ ಮುಚ್ಚಿಹೋಗಿದೆ. ಪೈರು ಒಣಗುವುದು ನೀರಿಲ್ಲದೆ ಅಲ್ಲ, ಮಡೆ ತೆರೆಯದೆ. ಆ ಮಡೆಯನ್ನು ತೆರೆಯುವ ಸಾಧನವು ಸಾಕಷ್ಟು ಅನ್ನ ಮತ್ತು ಪ್ರೋಟೀನು. ಆದಕಾರಣ ಹೊಟ್ಟೆಗಿಲ್ಲದೆ ಕುಗ್ಗಿದ ಮಗುವಿಗೆ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಪರಿಹಾರವಲ್ಲ. ಅದರಲ್ಲಿ ಅದು ಮೊದಲೇ ತುಂಬಿ ತುಳುಕುತ್ತಿದೆ.

ಆ ಹಾರ್ಮೋನು ಹುಟ್ಟಿನಿಂದಲೇ ಕೊರತೆಯಾದ ಮಕ್ಕಳ ಸಂಗತಿ ಬೇರೆ; ಅಂತಹವರು ವಿರಳ. ಅವರಿಗೆ 1985ರವರೆಗೆ ಮೃತರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನು ಕೊಡುತ್ತಿದ್ದರು. ಅದರ ಮೂಲಕ ಮಾರಕವಾದ ಮಿದುಳಿನ ರೋಗವು ಕೆಲವರಿಗೆ ಅಂಟಿದುದು ಗೊತ್ತಾಗಿ ಆ ಪದ್ಧತಿ ನಿಂತು, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಶುದ್ಧ ಹಾರ್ಮೋನು ಬಳಕೆಗೆ ಬಂದಿತು. ಗ್ರೆಲಿನ್ನಿನ ಶೋಧದಿಂದಲೂ ಪ್ರಯೋಜನವಾಗಿದೆ. ಅದನ್ನು ಅನುಕರಿಸುವ ಮ್ಯಾಸಿಮೊರೆಲಿನ್ ಎಂಬುದನ್ನು ಕುಡಿಸಿ ವಯಸ್ಕರಲ್ಲಿ ಈ ಕೊರತೆಯನ್ನು ಪತ್ತೆಹಚ್ಚುವ ಕ್ರಮ 2017ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು. ಕ್ಯಾನ್ಸರಿನಿಂದ ಕೃಶರಾದವರಿಗೆ ಹಸಿವೆಬ್ಬಿಸುವ ಅನಮೊರೆಲಿನ್ ಎಂಬ ಔಷಧಕ್ಕೆ ಜಪಾನು 2021ರಲ್ಲಿ ಒಪ್ಪಿಗೆಯಿತ್ತಿತು.

ಪಾಠಶಾಲೆ ಮತ್ತು ಪಾಕಶಾಲೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಈ ಕುಗ್ಗುವಿಕೆಯ ಹೆಚ್ಚಿನ ಭಾಗವು ತಾಯಿಯ ಗರ್ಭದಲ್ಲಿಯೂ ಮೊದಲ ಎರಡು ವರ್ಷಗಳಲ್ಲಿಯೂ ನಡೆದುಹೋಗಿರುತ್ತದೆ. ಗರ್ಭದಲ್ಲಿನ ಕೊರತೆಯ ನೆರಳು ಎಷ್ಟು ದೂರ ಚಾಚುವುದೆಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ದಾಖಲೆಗಳೇ ಸಾಕ್ಷಿ. ಅಲ್ಲಿ 1934ರಿಂದ ಶಿಶುಗಳ ಜನನದ ತೂಕವನ್ನು ಬರೆದಿಟ್ಟಿದ್ದರು. ಹಾಗೆ ಹುಟ್ಟಿದವರನ್ನು ದಶಕಗಳ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದಯದ ರೋಗವು ಹೆಚ್ಚಾಗಿ ಕಂಡುದಾಗಿ 1996ರಲ್ಲಿ ಪ್ರಕಟವಾಯಿತು. ಆದುದರಿಂದ ಶಾಲೆಯ ಊಟದಿಂದಲೇ ಎಲ್ಲವೂ ಸರಿಹೋಗುವುದೆಂದು ನಂಬುವುದು ತಪ್ಪಾದೀತು; ಗರ್ಭಿಣಿಯ ತಟ್ಟೆಯಿಂದಲೇ ಅದು ಆರಂಭವಾಗಬೇಕು. ಹಾಗೆಂದು ಶಾಲೆಯ ಊಟ ವ್ಯರ್ಥವೆಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ಮೂಳೆಯ ತುದಿಯ ಪದರವು ಪ್ರಾಯದಲ್ಲಿ ಗಟ್ಟಿಯಾಗುವವರೆಗೆ ಬೆಳವಣಿಗೆಗೆ ಅವಕಾಶವಿದೆ. ಕಳೆದುದರಲ್ಲಿ ಒಂದು ಪಾಲನ್ನಾದರೂ ಮರಳಿ ಗಳಿಸಬಹುದು.

ವಿದ್ಯೆಗೂ ಅನ್ನಕ್ಕೂ ಇರುವ ಈ ನಂಟನ್ನು ನಾಡಿನ ಮಠಗಳು ಹಾರ್ಮೋನುಗಳ ಹೆಸರು ಹುಟ್ಟುವ ಮೊದಲೇ ಆಚರಣೆಯಲ್ಲಿ ತೋರಿಸಿವೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತಗಳ ಭೇದವಿಲ್ಲದೆ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಟ್ಟಿಗೆ ನೀಡಿದುದು ಲೋಕವಿದಿತ. ಬೇಯಿಸಿದ ಊಟವನ್ನೇ ಶಾಲೆಗಳಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ, ಕರ್ನಾಟಕ ಸರ್ಕಾರವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭಿಸಿದ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರನ್ನೇ ಆರಿಸಿಕೊಂಡಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಅದಕ್ಕೆ ಸೇರಿತು. 2024ರಲ್ಲಿ ರಾಗಿಯ ಪೇಯವೂ ಸೇರಿತು.

ರಾಗಿಯು ಈ ಬಯಲುಸೀಮೆಯ ಸ್ವಂತ ಧಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿ ಗೋಧಿಗಳಲ್ಲಿ ಇಷ್ಟಿಲ್ಲ. ಅದರ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶವು ಕಡಿಮೆ. ಅವರೆ, ಹುರುಳಿ, ತೊಗರಿಗಳಲ್ಲಿ ಅದು ಹೇರಳ. ಮುದ್ದೆಯ ಜೊತೆಗೆ ಹುರುಳಿಯ ಸಾರನ್ನೋ ಅವರೆಕಾಳಿನ ಸಾರನ್ನೋ ಬಡಿಸುತ್ತ ಬಂದ ಗೃಹಿಣಿಯರು ಹೆಸರು ತಿಳಿಯದೆಯೇ ಈ ಕೊರತೆಯನ್ನು ತುಂಬಿದ್ದಾರೆ. ಕಾಳಿಲ್ಲದ ನೀರುಸಾರಿನಲ್ಲಿ ಮುದ್ದೆ ನುಂಗಿದ ಮಗುವಿನ ಹೊಟ್ಟೆ ತುಂಬೀತು. ಮಡೆ ಪೂರ್ತಿ ತೆರೆಯಲಾರದು.

ಉಪಾಧ್ಯಾಯರಿಗೆ ಈ ವಿಷಯದಿಂದ ನೇರವಾಗಿ ದೊರೆಯುವ ಉಪದೇಶಗಳು ಕೆಲವುಂಟು. ಮೊದಲನೆಯದು, ಬೆಳಗ್ಗೆ ಏನೂ ತಿನ್ನದೆ ಬಂದ ಮಗುವನ್ನು ಗುರುತಿಸುವುದು. ಗ್ರೆಲಿನ್ ಏರಿದ ಮಿದುಳು ಆಹಾರದ ಚಿತ್ರಗಳಿಗೆ ಹೆಚ್ಚಾಗಿ ಸ್ಪಂದಿಸುವುದೆಂದು ಕೆನಡಾದ ಸಂಶೋಧಕರು 2008ರಲ್ಲಿ ತೋರಿಸಿದರು. ಅಂತಹ ಮಗುವಿನ ಕಣ್ಣು ಕಪ್ಪುಹಲಗೆಯ ಮೇಲಿದ್ದರೂ ಮನಸ್ಸು ಅಡಿಗೆಮನೆಯಲ್ಲಿರುತ್ತದೆ. ಅದನ್ನು ಉದಾಸೀನವೆಂದು ದಂಡಿಸುವುದು ಸಲ್ಲದು. ಎರಡನೆಯದು, ಊಟದ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು. ಮೂರನೆಯದು, ವಿದ್ಯಾರ್ಥಿನಿಲಯಗಳಲ್ಲಿ ಪರೀಕ್ಷೆಯ ನೆಪದಿಂದ ಚಿಕ್ಕ ಮಕ್ಕಳ ರಾತ್ರಿಯ ನಿದ್ರೆಗೆ ಕತ್ತರಿ ಹಾಕದಿರುವುದು; ಬೆಳವಣಿಗೆಯ ದೊಡ್ಡ ಅಲೆ ಏಳುವುದು ಆಗಲೇ ಅಲ್ಲವೆ? ನಾಲ್ಕನೆಯದು, ಆರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಎತ್ತರವನ್ನು ಅಳೆದು ಬರೆದಿಡುವುದು. ಐದು ವರ್ಷದಿಂದ ಪ್ರಾಯಕ್ಕೆ ಬರುವವರೆಗೆ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಇದಕ್ಕಿಂತ ತೀರ ಕಡಿಮೆ ಬೆಳೆದ ಮಗುವನ್ನು ವೈದ್ಯರಲ್ಲಿಗೆ ಕಳುಹಿಸಬೇಕು; ಎತ್ತರ ಬೆಳೆಸುವುದಾಗಿ ಜಾಹೀರಾತು ಮಾಡುವ ಪುಡಿಗಳ ಅಂಗಡಿಗಲ್ಲ.

ದಾನಿಗಳಾದ ಮಹನೀಯರು ಕೊಟ್ಟ ಕಟ್ಟಡದ ಮೇಲೆ ಅವರ ಹೆಸರಿನ ಕಲ್ಲು ನಿಲ್ಲುತ್ತದೆ. ಅವರು ಕೊಟ್ಟ ಅಕ್ಕಿ, ರಾಗಿ, ಕಾಳು, ಹಾಲುಗಳಿಗೆ ಅಂತಹ ಕಲ್ಲಿಲ್ಲ. ಆದರೆ ಉಂಡ ಪ್ರತಿ ತುತ್ತಿಗೂ ಹಸಿವಿನ ದೂತನು ತಣಿದು, ಮುಚ್ಚಿದ್ದ ಮಡೆ ತೆರೆದು, ಮಗುವಿನ ಮೂಳೆಯ ತುದಿಯಲ್ಲಿ ಕೂದಲೆಳೆಯಷ್ಟು ಬೆಳವಣಿಗೆ ಸೇರುತ್ತದೆ. ವರ್ಷಾಂತ್ಯದಲ್ಲಿ ಶಾಲೆಯ ಗೋಡೆಯ ಅಳತೆಪಟ್ಟಿಯ ಮುಂದೆ ಮಗುವನ್ನು ನಿಲ್ಲಿಸಿ ನೋಡಿದರೆ, ದಾನದ ಲೆಕ್ಕವು ಅಲ್ಲಿ ಸೆಂಟಿಮೀಟರುಗಳಲ್ಲಿ ಬರೆದಿರುತ್ತದೆ.